ಹದಿನಾರು ಹನಿ

ಸುದ್ದಿ ಬಂದಾಗ ದರ್ಜಿಯಣ್ಣ ಅಡುಗೆಮನೆಯಲ್ಲಿ ನಿಂತು ಗಾಜಿನ ಜಾಡಿ ತೊಳೆಯುತ್ತಿದ್ದರು. ಬೆಳಗ್ಗೆ ತಂಗಿ ಕಾಫಿ ಇಳಿಸುವಳು, ಅಣ್ಣ ಜಾಡಿ ತೊಳೆಯುವರು. ಹದಿನೇಳು ವರ್ಷಗಳಿಂದ ಆ ಮನೆಯಲ್ಲಿ ನಡೆದು ಬಂದ ಒಪ್ಪಂದ ಅದು. ಹೆಂಡತಿ ತೀರಿಕೊಂಡ ಮೇಲೆ ಅವರು ಒಬ್ಬರೇ ಆದರು. ಮದುವೆಯ ಗೋಜಿಗೇ ಹೋಗದ ತಂಗಿ ಮೊದಲಿನಿಂದಲೂ ಒಬ್ಬಳೇ. ಎರಡು ಒಂಟಿ ಜೀವಗಳು ಸೇರಿ ಒಂದು ಸಂಸಾರವಾಗಿತ್ತು.

ಫೋನು ಬಡಿದುಕೊಂಡಿತು. ಒದ್ದೆ ಕೈಯಲ್ಲೇ ಎತ್ತಿದರು.

"ದರ್ಜಿಯಣ್ಣಾವ್ರಾ? ನಾವು ನೀರಿನ ಕಚೇರಿಯಿಂದ. ಸ್ವಲ್ಪ ಕೂತ್ಕೊಳಿ ಅಣ್ಣಾ. ನಮ್ಮ ಕಾಫಿ ಅಕ್ಕ ಹೋಗ್ಬಿಟ್ರು."

ದರ್ಜಿಯಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಕಚೇರಿಯಲ್ಲಿ ಕಾಫಿ ಹಂಚುವ ಹೆಂಗಸು ಯಾರೋ ಇರಬೇಕು, ಪಾಪ, ಆ ಸುದ್ದಿಯನ್ನು ನನಗೇಕೆ ಹೇಳುತ್ತಾರೆ ಎಂದುಕೊಂಡರು.

"ಯಾರಪ್ಪಾ ಅದು, ಕಾಫಿ ಅಕ್ಕ?"

"ನಿಮ್ಮ ತಂಗೀನೇ ಅಣ್ಣಾ."

ಊರಿನ ತುದಿಯ ಬಡಾವಣೆಗೆ ನೀರಿನ ಮಾದರಿ ತರಲು ಹೋಗಿದ್ದಳಂತೆ. ಬೀದಿ ಕೊಳಾಯಿಯಲ್ಲಿ ಬಾಟಲಿ ತುಂಬಿ, ಮುಚ್ಚಳ ಬಿಗಿದು, ಚೀಟಿಯ ಮೇಲೆ ದಿನ, ಸಮಯ, ಜಾಗ ಬರೆದು ಅಂಟಿಸಿ, ಪಕ್ಕದ ಕಟ್ಟೆಯ ಮೇಲೆ ಕೂತಳಂತೆ. ಕೂತವಳು ಏಳಲಿಲ್ಲ. ಬಾಟಲಿ ಮಡಿಲಲ್ಲೇ ಇತ್ತಂತೆ. ಒಂದು ಹನಿ ಚೆಲ್ಲಿರಲಿಲ್ಲವಂತೆ.

ಮೂವತ್ತೊಂದು ವರ್ಷ ಈ ಊರಿನ ನೀರನ್ನು ಪರೀಕ್ಷೆ ಮಾಡಿದವಳು. ಮಕ್ಕಳು, ಮುದುಕರು, ಬಸುರಿಯರು, ಯಾರು ಯಾವ ಮನೆಯಲ್ಲಿ ಲೋಟ ಎತ್ತಿದರೂ ಆ ನೀರಿಗೆ ಇವಳ ಕಣ್ಣು ಮೊದಲು ಬಿದ್ದಿರುತ್ತಿತ್ತು. ಅಂಥವಳ ಸಾವಿನ ಸುದ್ದಿಯನ್ನು ಒಡಹುಟ್ಟಿದವನಿಗೆ ಮುಟ್ಟಿಸುವಾಗ ಅವರ ಬಾಯಿಗೆ ಬಂದ ಮಾತು 'ಕಾಫಿ ಅಕ್ಕ'! ದರ್ಜಿಯಣ್ಣನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ದುಃಖವೂ ಹಿಂದೆಯೇ ಬಂತು. ಆದರೆ ಮೊದಲು ಬಂದು ಕೂತ ಸಿಟ್ಟು ಅದಕ್ಕೆ ಜಾಗ ಬಿಟ್ಟುಕೊಡಲಿಲ್ಲ.

ನೆಂಟರು ಬಂದರು, ಅತ್ತರು, ಅಡುಗೆಮನೆಯನ್ನು ಉಜ್ಜಿ ತೊಳೆದು, ಇದ್ದಬದ್ದ ಪಾತ್ರೆಗಳನ್ನೆಲ್ಲ ಬರಿದು ಮಾಡಿ ಕವುಚಿಟ್ಟು, ನಾಲ್ಕನೆಯ ದಿನಕ್ಕೆ ಹೊರಟುಹೋದರು.

ಐದನೆಯ ದಿನ ಸಂಜೆ ಬಾಗಿಲು ತಟ್ಟಿದವಳು ಪ್ರಯೋಗಶಾಲೆಯ ಕಿರಿಯ ಪರೀಕ್ಷಕಿ. ತಂಗಿಯ ಕೈಕೆಳಗೆ ಎಂಟು ವರ್ಷ ಕೆಲಸ ಕಲಿತವಳು. ಸೊಂಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ತಂಗಿಯ ಬಿಳಿ ಕೋಟು, ಓದುವ ಕನ್ನಡಕ, ಹಿಡಿ ಮುರಿದ ಬಟ್ಟಲು. ಕೋಟಿನ ತೋಳು ಉದ್ದವಾಯಿತೆಂದು ದರ್ಜಿಯಣ್ಣನೇ ಮಡಿಚಿ ಹೊಲಿದಿದ್ದರು. ಆ ಹೊಲಿಗೆ ಹಾಗೇ ಇತ್ತು. ಅವರು ಅದನ್ನು ಹೆಬ್ಬೆರಳಿನಿಂದ ಸವರಿ ಕೋಟನ್ನು ಮಡಿಚಿಟ್ಟರು.

"ಅಣ್ಣಾ, ಶುಕ್ರವಾರ ಕಚೇರೀಲಿ ಶ್ರದ್ಧಾಂಜಲಿ ಸಭೆ ಇದೆ. ಸಾಹೇಬ್ರು ಇದನ್ನ ನಿಮಗೆ ತೋರ್ಸು ಅಂದ್ರು. ಹಿತ್ತಾಳೆ ಹಲಗೆ ಮೇಲೆ ಕೆತ್ತಿಸ್ತಾರಂತೆ," ಎಂದು ಅವಳು ಒಂದು ಹಾಳೆ ಕೊಟ್ಟಳು. ಕೊಡುವಾಗಲೇ ಅವಳ ಮುಖ ಚಿಕ್ಕದಾಗಿತ್ತು.

ದರ್ಜಿಯಣ್ಣ ಓದಿದರು. "ನಮ್ಮೆಲ್ಲರ ಅಚ್ಚುಮೆಚ್ಚಿನ ಕಾಫಿ ಅಕ್ಕ. ಅವರ ಕೈಗುಣದ ಕಾಫಿಯನ್ನು ಈ ಕಚೇರಿ ಎಂದೂ ಮರೆಯದು."

"ಈ ಹಲಗೆ ಎಲ್ಲಿ ಹಾಕ್ತಾರೆ?"

"ಅದೇ ಅಣ್ಣಾ... ಮೆಟ್ಟಿಲ ಕೆಳಗೆ ಕಾಫಿ ಮಾಡೋ ಜಾಗ ಇದೆಯಲ್ಲ, ಅಲ್ಲಿ. ಸಿಂಕಿನ ಮೇಲೆ."

"ಸಿಂಕಿನ ಮೇಲೆ!" ದರ್ಜಿಯಣ್ಣನ ಮೈಯೆಲ್ಲ ಉರಿಯಿತು. "ಪಕ್ಕದಲ್ಲಿ ಪಾತ್ರೆ ಉಜ್ಜೋ ನಾರು ನೇತುಹಾಕ್ತಾರೋ ಹೇಗೆ? ಮೂವತ್ತೊಂದು ವರ್ಷ ಕಣಮ್ಮಾ! ದಿನಕ್ಕೆ ಎಷ್ಟು ಬಾಟ್ಲಿ ನೋಡ್ತಿದ್ಲು ನನ್ನ ತಂಗಿ?"

"ಎಂಟು, ಹತ್ತು. ಮಳೆಗಾಲದಲ್ಲಿ ಇಪ್ಪತ್ತು."

"ಅದರಲ್ಲಿ ಒಂದು ಬಾಟ್ಲಿನಾದ್ರೂ ಇದೆಯಾ ಈ ಹಾಳೇಲಿ? ಕೈಗುಣ ಅಂತೆ ಕೈಗುಣ! ಯಾರಪ್ಪಂದು ಈ ಮಾತು?"

ಅವಳು ತಲೆ ತಗ್ಗಿಸಿದಳು. "ಸಾಹೇಬ್ರು ಪ್ರೀತಿಯಿಂದಾನೇ ಬರೆದಿದ್ದು ಅಣ್ಣಾ. ಅಕ್ಕ ಕಚೇರೀಲಿ ಮಧ್ಯಾಹ್ನ ಎಲ್ಲರಿಗೂ ಕಾಫಿ ಇಳಿಸೋರು. ಅವರಿಲ್ಲದ ದಿನ ಬೇರೆಯವರು ಮಾಡಿದ್ರೆ ಯಾರೂ ಕುಡೀತಿರ್ಲಿಲ್ಲ. ಅದಕ್ಕೇ ಎಲ್ಲರೂ ಕೈಗುಣ, ಕೈಗುಣ ಅನ್ನೋರು."

"ಅವಳು ಏನನ್ನೋಳು?"

"ನಗೋರು. 'ಕೈಗೆ ಗುಣ ಇದ್ದಿದ್ರೆ ತಕ್ಕಡಿ ಯಾಕ್ ಬೇಕಿತ್ರೋ' ಅನ್ನೋರು."

ತಕ್ಕಡಿ. ಮನೆಯಲ್ಲಿ ತಂಗಿಯನ್ನು ದರ್ಜಿಯಣ್ಣ ಕರೆಯುತ್ತಿದ್ದದ್ದೇ ಹಾಗೆ. ಅವಳು ಬೀಜವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಕೈಯಲ್ಲಿ ತಿರುಗಿಸುವ ಪುಟ್ಟ ಗಿರಣಿಯಲ್ಲಿ ಅರೆದು, ಉದ್ದ ಕೊಕ್ಕಿನ ಕೆಟಲಿಗೆ ಥರ್ಮಾಮೀಟರ್ ಇಳಿಬಿಟ್ಟು, ಗಡಿಯಾರ ನೋಡುತ್ತ ನಿಂತಿದ್ದರೆ, ಇವರು ಪ್ರಾರ್ಥನೆ ಮುಗಿಸಿ ಬಂದು ಬಾಗಿಲಿಗೆ ಒರಗಿ, "ಏನೇ ತಕ್ಕಡಿ, ಕಾಫಿ ಆಯ್ತೇನೇ? ಇಲ್ಲಾ ಇನ್ನೂ ಔಷಧಿ ಅರೀತಿದೀಯಾ?" ಅನ್ನುವರು. ಅವಳು ತಿರುಗಿಯೂ ನೋಡದೆ, "ಸುಮ್ನಿರಣ್ಣಾ, ನಲವತ್ತೈದು ಸೆಕೆಂಡು," ಅನ್ನುವಳು. ಮೊದಲ ನೀರು ಬಿದ್ದಾಗ ಪುಡಿ ನೊರೆಯಾಗಿ ಉಬ್ಬಿ ಉಸಿರು ಬಿಡುತ್ತದೆ, ಒಳಗಿನ ಗಾಳಿ ಹೋಗದೆ ನೀರು ಒಳಗೆ ಇಳಿಯುವುದಿಲ್ಲ ಎಂದು ಅವಳು ಎಷ್ಟೋ ಸಲ ಹೇಳಿದ್ದುಂಟು. ಇವರು ಎಷ್ಟೋ ಸಲ ಆಕಳಿಸಿದ್ದುಂಟು.

ಆದರೆ ಆ ಸಂಜೆ ಅದೆಲ್ಲ ಅವರಿಗೆ ನೆನಪಾಗಲಿಲ್ಲ. ಸಿಟ್ಟು ಬೇರೆಯವರ ಕಡೆ ಮುಖ ಮಾಡಿದ್ದರಿಂದ ತನ್ನ ಬೆನ್ನು ತನಗೆ ಕಾಣಲಿಲ್ಲ.

"ನಿಮ್ಮ ಸಾಹೇಬ್ರಿಗೆ ಹೇಳು," ಎಂದರು. "ಹಲಗೆ ಕೆತ್ತಿಸೋದು ನಿಲ್ಸಿ ಅಂತ. ಶುಕ್ರವಾರ ನಾನು ಬರ್ತೀನಿ. ಅವಳು ಬರೆದಿಟ್ಟಿರೋ ಅಳತೆ ಪ್ರಕಾರ ಎಲ್ಲರ ಎದುರಿಗೆ ನಾನೇ ಕಾಫಿ ಇಳಿಸ್ತೀನಿ. ನಾನು ಹೊಲಿಗೆಯವನು, ಒಲೆ ಮುಂದೆ ನಿಂತೋನಲ್ಲ. ನನ್ನ ಕೈಯಲ್ಲೂ ಅದೇ ರುಚಿ ಬಂದ್ರೆ ಅದು ಗುಣ ಅಲ್ಲ, ವಿದ್ಯೆ ಅಂತ ಒಪ್ಕೋಬೇಕು. ಒಪ್ಕೊಂಡು ಹಲಗೆ ಬದಲಾಯಿಸ್ಬೇಕು."

"ಬರ್ದೇ ಇದ್ರೆ ಅಣ್ಣಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಯಾಕ್ ಬರಲ್ಲ? ಅಳತೆ ಸರಿ ಇದ್ರೆ ಅಂಗಿ ಯಾರ ಕೈಲಾದ್ರೂ ಹೊಲಿಸ್ಬಹುದು."

ಅವಳು ಹೋದ ಮೇಲೆ ದರ್ಜಿಯಣ್ಣ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಕಾರ್ಡನ್ನು ಕಿತ್ತು ಕನ್ನಡಕ ಏರಿಸಿದರು. ಹೋದ ವರ್ಷ ತಂಗಿ ಒಂದು ವಾರ ತರಬೇತಿಗೆಂದು ಪರವೂರಿಗೆ ಹೋದಾಗ ಅಣ್ಣನಿಗಾಗಿ ಬರೆದಿಟ್ಟ ಕಾರ್ಡು ಅದು. ಆ ವಾರ ಅವರು ಅದರತ್ತ ಕಣ್ಣೆತ್ತಿಯೂ ನೋಡದೆ ಬೀದಿ ಕೊನೆಯ ಅಂಗಡಿಯಲ್ಲಿ ಕುಡಿದು ಬಂದಿದ್ದರು. "ಪುಡಿ ಇಪ್ಪತ್ತು ಗ್ರಾಂ. ನೀರು ಮುನ್ನೂರ ಇಪ್ಪತ್ತು ಗ್ರಾಂ, ಎಂದಿನದು. ಶಾಖ ತೊಂಬತ್ತನಾಲ್ಕು. ಫಿಲ್ಟರ್ ಪೇಪರನ್ನು ಮೊದಲು ಬಿಸಿನೀರಲ್ಲಿ ತೋಯಿಸಿ ಆ ನೀರು ಚೆಲ್ಲು, ಇಲ್ಲದಿದ್ದರೆ ಕಾಗದ ಕುಡಿಯುತ್ತೀಯ. ಮೊದಲ ನೀರು ನಲವತ್ತೈದು ಗ್ರಾಂ. ಹಾಕಿ ಮುಕ್ಕಾಲು ನಿಮಿಷ ಸುಮ್ಮನಿರು. ಆಮೇಲೆ ಉಳಿದದ್ದನ್ನು ಸುತ್ತುತ್ತ ನಿಧಾನವಾಗಿ ಹುಯ್ಯಿ. ಒಟ್ಟು ಮೂರೂವರೆ ನಿಮಿಷ." 'ಸುಮ್ಮನಿರು' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಅದು ಕಾಫಿಗಿಂತ ಅಣ್ಣನಿಗೆ ಹೇಳಿದ ಮಾತು.

ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿಸಿ ಅವರು ಒಲೆಯ ಮುಂದೆ ನಿಂತರು. ತಕ್ಕಡಿ ಇಪ್ಪತ್ತು ತೋರಿಸುವವರೆಗೆ ಒಂದೊಂದೇ ಬೀಜ ಹಾಕಿದರು. ನೀರಿಗೆ ತಂಗಿ ಇಡುತ್ತಿದ್ದ ಹೂಜಿ ನೆಂಟರ ಶುಚಿಗೆ ಸಿಕ್ಕಿ ಬರಿದಾಗಿ ಒಣಗಿತ್ತು. ಅದಕ್ಕೆ ಶುದ್ಧೀಕರಣ ಯಂತ್ರದ ನೀರು ತುಂಬಿದರು. ಒಲೆಯ ಪಕ್ಕ ಕೊಳಾಯಿ ನೀರಿನ ಒಂದು ಕ್ಯಾನೂ ಇತ್ತು. ಅದು ಗಿಡಗಳಿಗೆ ಇಟ್ಟದ್ದಿರಬೇಕೆಂದು ಕಿಟಕಿಯ ಕುಂಡಕ್ಕೆ ಸುರಿದರು. ಸತ್ತವಳ ಹೆಸರಿನಲ್ಲಿ ಮಾಡುವ ಕೆಲಸ. ನೀರು ಶುದ್ಧವಾದಷ್ಟೂ ಒಳ್ಳೆಯದಲ್ಲವೇ? ಪೇಪರ್ ತೋಯಿಸಿದರು. ತೊಂಬತ್ತನಾಲ್ಕು ಬಂತು. ನಲವತ್ತೈದು ಗ್ರಾಂ ನೀರು ಹಾಕಿ, ಜೀವಮಾನದಲ್ಲಿ ಮೊದಲ ಸಲ, ಮುಕ್ಕಾಲು ನಿಮಿಷ ಸುಮ್ಮನಿದ್ದರು. ಪುಡಿ ಉಬ್ಬಿತು, ಗುಳ್ಳೆ ಒಡೆಯಿತು. ಪಿಂಗಾಣಿ ಆಲಿಕೆಯಿಂದ ಜಾಡಿಗೆ ಕಾಫಿ ಹನಿ ಹನಿಯಾಗಿ ಇಳಿಯಿತು. ಬಣ್ಣ ಅದೇ. ಘಮವೂ ಹೆಚ್ಚುಕಡಿಮೆ ಅದೇ.

ಬಾಯಿಗಿಟ್ಟರೆ, ಹುಳಿ! ಹುಳಿಯ ಹಿಂದೆ ಏನೂ ಇಲ್ಲ. ತೊಳೆದ ಲೋಟದ ನೀರು ಕುಡಿದಂತೆ ಬರಿದು.

ಮತ್ತೆ ಮಾಡಿದರು. ಮತ್ತೆ ಅದೇ. ಗಿರಣಿಯನ್ನು ಒಂದು ಹಲ್ಲು ಸಣ್ಣಕ್ಕೆ ತಿರುಗಿಸಿದರು; ಹುಳಿಯ ಜೊತೆಗೆ ಕಹಿಯೂ ಬಂತು. ಮರುದಿನ ನಾಲ್ಕು ಸಲ, ಅದರ ಮರುದಿನ ಐದು ಸಲ ಮಾಡಿದರು. ರಾತ್ರಿ ನಿದ್ದೆ ಹತ್ತಲಿಲ್ಲ. ಕಾಫಿಯಿಂದಲೋ ಸಿಟ್ಟಿನಿಂದಲೋ ದೇವರಿಗೇ ಗೊತ್ತು. ಶುಕ್ರವಾರ ಹತ್ತಿರ ಬರುತ್ತಿತ್ತು. ಇದೇ ಕಾಫಿಯನ್ನು ಆ ಸಾಹೇಬರ ಮುಂದಿಟ್ಟರೆ ಏನಂದಾರು? "ನೋಡಿದ್ರಾ, ಅಳತೆ ಎಲ್ಲಾ ಅದೇ, ರುಚಿ ಮಾತ್ರ ಇಲ್ಲ. ಅದಕ್ಕೇ ಹೇಳಿದ್ದು ಕೈಗುಣ ಅಂತ." ತಂಗಿಯ ಮಾನ ಉಳಿಸಲು ಹೊರಟವರೇ ಅದನ್ನು ಸಿಂಕಿನ ಮೇಲೆ ಮೊಳೆ ಹೊಡೆದು ನೇತುಹಾಕಿ ಬಂದಂತಾಗುತ್ತದೆ.

ತಪ್ಪು ಬೀಜದ್ದೇ ಇರಬೇಕು. ದರ್ಜಿಯಣ್ಣ ಉಳಿದ ಬೀಜದ ಪೊಟ್ಟಣ ಹಿಡಿದು ಕಾಫಿಬೀಜ ಹುರಿಯುವವನ ಅಂಗಡಿಗೆ ನಡೆದರು.

"ಏನಯ್ಯಾ, ಹುರಿಯೋನೇ! ನನ್ನ ತಂಗಿಗೇ ಹಳೇ ಬೀಜ ತುಂಬಿ ಕೊಟ್ಟಿದೀಯಾ?"

ಹುರಿಯುವವನು ದಪ್ಪ ಮನುಷ್ಯ, ಮೈಗೆಲ್ಲ ಹೊಗೆಯ ವಾಸನೆ. ಪೊಟ್ಟಣ ತೆಗೆದುಕೊಂಡು ಮೂಸಿದ. "ಅಣ್ಣಾ, ಇದು ಅಕ್ಕನೇ ಬಂದು ಆರಿಸ್ಕೊಂಡು ಹೋಗಿದ್ದು. ಹುರಿದು ಹನ್ನೆರಡು ದಿನ ಆಗಿದೆ, ಸರಿಯಾದ ಹದದಲ್ಲಿದೆ. ಕೂತ್ಕೊಳಿ." ಎಂದು ಅದೇ ಬೀಜವನ್ನು ಅರೆದು, ಅಂಗಡಿಯ ಹಿಂದಿನ ಕೊಳಾಯಿಯಿಂದ ನೀರು ಹಿಡಿದು ಕಾಯಿಸಿ, ಒಂದು ಲೋಟ ಇಳಿಸಿ ಕೊಟ್ಟ. ಕಾಫಿ ಸ್ವಲ್ಪ ಜಡವಾಗಿತ್ತು, ತಂಗಿಯದರ ಸಮಕ್ಕಲ್ಲ, ಆದರೆ ಜೀವವಿತ್ತು.

"ನೋಡಿದ್ರಾ? ಬೀಜ ಬಂಗಾರ. ಕುಣಿಯಕ್ಕೆ ಬಾರದೋರು ನೆಲ ಡೊಂಕು ಅಂದ್ರಂತೆ. ಬೇಜಾರು ಮಾಡ್ಕೋಬೇಡಿ ಅಣ್ಣಾ, ಅಕ್ಕಂದು ಕೈಗುಣ, ಅದು ನಿಮಗೆಲ್ಲಿ ಬರ್ಬೇಕು?"

"ನೀನೂ ಅದೇ ಅಂತೀಯೇನಯ್ಯಾ!" ದರ್ಜಿಯಣ್ಣ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಎದ್ದರು. ದಾರಿಯುದ್ದಕ್ಕೂ ಬೈದುಕೊಂಡೇ ಬಂದರು. ಹುರಿಯುವವನನ್ನು, ಸಾಹೇಬರನ್ನು, ಹೂಜಿ ತೊಳೆದ ನೆಂಟರನ್ನು. ಮನೆಯ ಮೆಟ್ಟಿಲು ಹತ್ತುವಾಗ, ಹೇಳದೆ ಕೇಳದೆ ಹೊರಟುಹೋದ ತಂಗಿಯನ್ನೂ ಬೈದರು. ಬೈದ ಕೂಡಲೇ ಮೆಟ್ಟಿಲ ಮೇಲೆ ಕೂತು ಅತ್ತರು.

ಗುರುವಾರ ಸಂಜೆ ಕಿರಿಯ ಪರೀಕ್ಷಕಿ ಮತ್ತೆ ಬಂದಳು. ಸಾಹೇಬರು ಹಲಗೆಯನ್ನು ತಡೆಹಿಡಿದಿದ್ದಾರೆ, ಸಭೆಯಲ್ಲಿ ಕಾಫಿಗೆ ಒಪ್ಪಿದ್ದಾರೆ ಎಂದು ಹೇಳಲು ಬಂದಿದ್ದಳು. ದರ್ಜಿಯಣ್ಣ ಒಂದು ಬಟ್ಟಲು ಕಾಫಿ ಅವಳ ಮುಂದಿಟ್ಟರು. ಅವಳು ಒಂದು ಗುಟುಕು ಕುಡಿದಳು. ನುಂಗಲೋ ಉಗುಳಲೋ ಎಂದು ತಿಳಿಯದವಳಂತೆ ಕಣ್ಣರಳಿಸಿ ಕೂತಳು.

"ನುಂಗಮ್ಮಾ, ವಿಷ ಏನಲ್ಲ. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಆದ್ರೂ ಹೀಗೆ."

"ಯಾವ ನೀರು ಹಾಕಿದ್ರಿ ಅಣ್ಣಾ?"

"ಯಂತ್ರದ್ದು. ಅದಕ್ಕಿಂತ ಶುದ್ಧ ನೀರು ಎಲ್ಲಿದೆ?"

ಅವಳು ಬಟ್ಟಲು ಕೆಳಗಿಟ್ಟಳು. "ಅದೇ ಅಣ್ಣಾ ತಪ್ಪು. ಆ ಯಂತ್ರ ಕೊಳೆ ಜೊತೆಗೆ ಉಪ್ಪಿನ ಅಂಶಾನೂ ತೆಗೆದ್ಹಾಕತ್ತೆ. ಸುಣ್ಣದ ಅಂಶ, ಮೆಗ್ನೀಷಿಯಂ, ಇವೆಲ್ಲ ನೀರಲ್ಲಿ ಒಂದಿಷ್ಟು ಇದ್ರೇನೇ ಪುಡಿಯೊಳಗಿನ ರುಚಿ ಸರಿಯಾಗಿ ಬಿಡೋದು, ಹುಳಿ ಹದಕ್ಕೆ ಬರೋದು. ಬರೀ ಕೊಳಾಯಿ ನೀರು ಹಾಕಿದ್ರೆ ನಮ್ಮೂರಲ್ಲಿ ಅದು ಅತಿಯಾಗತ್ತೆ, ಕಾಫಿ ಜಡ ಆಗತ್ತೆ. ಅಕ್ಕ ಎರಡನ್ನೂ ಬೆರೆಸೋರು. ಇಲ್ಲಿ ಎಲ್ಲೋ ಪುಟ್ಟ ಶೀಸೆ ಇರ್ಬೇಕಲ್ಲ?"

ಅವಳು ಬೀರುವಿನ ಬಾಗಿಲು ತೆರೆದು, ಮೇಲಿನ ಅರೆಯಿಂದ ಒಂದು ಹನಿಶೀಸೆ, ಒಂದು ಗಾಜಿನ ಕೊಳವೆ ತೆಗೆದಳು. ದರ್ಜಿಯಣ್ಣನಿಗೆ ಅವುಗಳ ಪರಿಚಯ ಚೆನ್ನಾಗಿಯೇ ಇತ್ತು. ಪ್ರತಿ ಭಾನುವಾರ ಬೆಳಗ್ಗೆ ತಂಗಿ ಕಿಟಕಿಯ ಬೆಳಕಿಗೆ ಆ ಕೊಳವೆ ಹಿಡಿದು ತುಟಿ ಅಲ್ಲಾಡಿಸುತ್ತ ಹನಿ ಎಣಿಸುವಳು. ಒಮ್ಮೆ ಇವರು, "ಅದೇನೇ ತಕ್ಕಡಿ, ಹೊಸ ಔಷಧಿನಾ? ಯಾವ ಕಾಯ್ಲೆಗೆ?" ಎಂದು ಕೇಳಿದ್ದರು. ಅವಳು ನಕ್ಕು, "ಔಷಧಿ ನನಗಲ್ಲಣ್ಣ, ನೀರಿಗೆ," ಅಂದಿದ್ದಳು. ಇವರೂ ನಕ್ಕಿದ್ದರು. ಮುಂದೆ ಏನೆಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಕಿರಿಯ ಪರೀಕ್ಷಕಿ ಕೊಳವೆಗೆ ಕೊಳಾಯಿ ನೀರು ಹಿಡಿದು ಹನಿ ಹಾಕತೊಡಗಿದಳು. ಮೊದಲ ಹನಿಗೆ ನೀರು ಕೆಂಪಾಯಿತು. "ಎರಡು... ಮೂರು..." ಕೆಂಪು ಕೆಂಪಾಗಿಯೇ ಇತ್ತು. ಹದಿನೈದಕ್ಕೆ ನೇರಳೆಯಾಯಿತು. ಹದಿನಾರನೆಯ ಹನಿಗೆ ಕೊಳವೆಯಲ್ಲಿ ಆಕಾಶ ಇಳಿದಂತೆ ನೀಲಿ ತುಂಬಿತು.

"ಹದಿನಾರು. ಹನಿ ಹೆಚ್ಚಿದಷ್ಟೂ ನೀರಲ್ಲಿ ಆ ಅಂಶ ಹೆಚ್ಚು. ಯಂತ್ರದ ನೀರಿಗೆ ಮೊದಲನೇ ಹನಿಗೇ ನೀಲಿ, ಅಂದ್ರೆ ಏನೂ ಇಲ್ಲ. ಕಾಫಿಗೆ ನಾಲ್ಕು ಹನಿಯಷ್ಟು ಗಡಸು ಬೇಕು ಅನ್ನೋರು ಅಕ್ಕ. ಹದಿನಾರರಲ್ಲಿ ನಾಲ್ಕು ಅಂದ್ರೆ ಕೊಳಾಯಿದು ಒಂದು ಪಾಲು, ಯಂತ್ರದ್ದು ಮೂರು ಪಾಲು. ಪ್ರತಿ ವಾರ ಕೊಳಾಯಿ ನೀರು ಬದಲಾಗತ್ತೆ, ಪಾಲೂ ಬದಲಾಗತ್ತೆ. ಕಚೇರೀಲೂ ಹೀಗೇ ಮಾಡೋರು. ನೋಡಿ, ಇಲ್ಲೇ ಬರೆದಿದಾರೆ."

ಬೀರುವಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಅಂಕಿಗಳ ಸಾಲು ಮೇಲಿನಿಂದ ಕೆಳಗಿನವರೆಗೆ ಇಳಿದಿತ್ತು. ಹದಿನಾಲ್ಕು, ಹದಿನೈದು, ಹನ್ನೆರಡು, ಇಪ್ಪತ್ತು. ಒಂದೊಂದರ ಮುಂದೆ ತಾರೀಖು. ಹಾಲಿನವನ ಲೆಕ್ಕವೆಂದು ದರ್ಜಿಯಣ್ಣ ಇಷ್ಟು ವರ್ಷ ಅಂದುಕೊಂಡಿದ್ದರು. ಕೊನೆಯ ಸಾಲು ಅವಳು ಹೋದ ವಾರದ ಭಾನುವಾರದ್ದು: ಹದಿನಾರು.

ಕಾರ್ಡಿನ ಮೇಲೆ 'ನೀರು, ಎಂದಿನದು' ಎಂದು ಅವಳು ಏಕೆ ಬರೆದಳೆಂದು ಈಗ ತಿಳಿಯಿತು. ತರಬೇತಿಗೆ ಹೋದ ಆ ವಾರಕ್ಕಾಗುವಷ್ಟು ನೀರನ್ನು ಬೆರೆಸಿ ಹೂಜಿ ತುಂಬಿಟ್ಟೇ ಹೋಗಿದ್ದಳು. ಬೆರೆಸುವುದು ಹೇಗೆಂದು ಅಣ್ಣನಿಗೆ ಹೇಳಿದರೆ ಅವನು ನಗುವನೆಂದು ಅವಳಿಗೆ ಗೊತ್ತಿತ್ತು.

ಕಿರಿಯ ಪರೀಕ್ಷಕಿ ಬೆರೆಸಿದ ನೀರಿನಲ್ಲಿ ದರ್ಜಿಯಣ್ಣ ಮತ್ತೊಮ್ಮೆ ಕಾಫಿ ಇಳಿಸಿದರು. ಒಂದು ಗುಟುಕು ಕುಡಿದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತರು.

"ಅಣ್ಣಾ?"

"ಏನಿಲ್ಲಮ್ಮಾ," ಎಂದರು ಗೋಡೆಗೆ. "ಬಂದ್ಲು."

ಶುಕ್ರವಾರ ಮಧ್ಯಾಹ್ನ ಕಚೇರಿಯ ದೊಡ್ಡ ಕೋಣೆಯಲ್ಲಿ ಮೂವತ್ತು ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ತಂಗಿಯ ಪಟ, ಅದರ ಮುಂದೆ ಹೂವು. ಸಾಹೇಬರು ಮೃದು ಮಾತಿನ ಮನುಷ್ಯ, ಎದ್ದು ನಿಂತು, "ನಮ್ಮ ಕಾಫಿ ಅಕ್ಕ..." ಎಂದು ಶುರುಮಾಡಿದರು. ಅಕ್ಕ ಯಾರನ್ನೂ ನೋಯಿಸಲಿಲ್ಲ, ಎಂದೂ ದನಿ ಎತ್ತಲಿಲ್ಲ, ಅವರ ಕೈಗುಣ ಯಾರಿಗೂ ಬರುವಂಥದ್ದಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಅದು ಸುಳ್ಳು ಕಣ್ಣೀರಾಗಿರಲಿಲ್ಲ. ಅದಕ್ಕೇ ದರ್ಜಿಯಣ್ಣನಿಗೆ ಇನ್ನಷ್ಟು ಸಿಟ್ಟು ಬಂತು. ಕಪಟಿಯನ್ನಾದರೆ ಬೈಯಬಹುದು, ಪ್ರೀತಿಯಿಂದಲೇ ಒಬ್ಬರನ್ನು ಸಣ್ಣದು ಮಾಡುವವರನ್ನು ಏನು ಮಾಡುವುದು?

ಅವರು ಎದ್ದರು. ಎರಡು ಜಾಡಿ, ಎರಡು ಆಲಿಕೆ, ಎರಡು ಥರ್ಮಾಸು. ಎಲ್ಲರೂ ನೋಡುತ್ತಿದ್ದಂತೆ ಪುಡಿ ತೂಗಿದರು, ಇದಕ್ಕೂ ಇಪ್ಪತ್ತು, ಅದಕ್ಕೂ ಇಪ್ಪತ್ತು. ಒಂದಾದ ಮೇಲೆ ಒಂದು, ಅದೇ ಶಾಖ, ಅದೇ ಮೂರೂವರೆ ನಿಮಿಷ. ಮುಕ್ಕಾಲು ನಿಮಿಷ ಸುಮ್ಮನಿರುವ ಹೊತ್ತಿನಲ್ಲಿ ಇಡೀ ಕೋಣೆ ಸುಮ್ಮನಿತ್ತು. ಕಿರಿಯ ಪರೀಕ್ಷಕಿ ಪುಟ್ಟ ಲೋಟಗಳಲ್ಲಿ ಹಂಚಿದಳು.

ಸಾಹೇಬರು ಮೊದಲ ಲೋಟ ಕುಡಿದು ಮುಖ ಹಿಂಡಿದರು. ಮರ್ಯಾದೆಗೆ, "ಪರವಾಗಿಲ್ಲ, ಅಣ್ಣಾವ್ರು ಪ್ರಯತ್ನ ಪಟ್ಟಿದಾರೆ," ಅಂದರು. ಎರಡನೆಯದನ್ನು ಕುಡಿದರು. ಲೋಟ ಬಾಯಿಂದ ಇಳಿಯಲೇ ಇಲ್ಲ. ಹಿಂದಿನ ಸಾಲಿನಲ್ಲಿ ಜವಾನ, "ಅಯ್ಯೋ, ಇದು ಅಕ್ಕಂದೇ!" ಎಂದು ಗಟ್ಟಿಯಾಗಿ ಕೂಗಿಬಿಟ್ಟ.

"ಎರಡನ್ನೂ ಮಾಡಿದ್ದು ಇದೇ ಕೈ," ಎಂದರು ದರ್ಜಿಯಣ್ಣ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ಎತ್ತಿ ಹಿಡಿದರು. "ಕೈಗುಣ ಅಂತೀರಲ್ಲ ಸಾಹೇಬ್ರೇ, ಅದು ಯಾವ ಲೋಟದಲ್ಲಿದೆ, ತೋರ್ಸಿ."

ಸಾಹೇಬರು ಎರಡೂ ಲೋಟಗಳನ್ನು ಮತ್ತೊಮ್ಮೆ ಮೂಸಿದರು.

"ವ್ಯತ್ಯಾಸ ನೀರಲ್ಲಿದೆ. ಎಷ್ಟು ಹನಿಗೆ ಕೆಂಪು ನೀಲಿ ಆಗತ್ತೆ ಅಂತ ನೋಡಿ, ಪಾಲು ಹಾಕಿ, ಬೆರೆಸಿದ ನೀರು. ನನ್ನ ತಂಗಿ ವಿದ್ಯೆ ಅದು. ಊರಿಗೆಲ್ಲ ಅದೇ ವಿದ್ಯೆ ಉಪಯೋಗಿಸಿದ್ಲು, ಅದರಲ್ಲೇ ಒಂದು ಚೂರು ನಿಮಗೆ ದಿನಾ ಲೋಟದಲ್ಲಿ ಹಾಕಿ ಕೊಟ್ಳು. ನೀವು ಲೋಟ ನೋಡಿದ್ರಿ. ನೀರಿನ ಕಚೇರೀಲಿ ಕೂತು ನೀರನ್ನ ನೋಡ್ಲಿಲ್ಲವಲ್ಲ ಸ್ವಾಮೀ! ಕಾಫಿ ಅಂದ್ರೆ ನೂರಕ್ಕೆ ತೊಂಬತ್ತೆಂಟು ಪಾಲು ನೀರು, ಇನ್ನೆರಡು ಪಾಲು ಜಂಬ ಅನ್ನೋಳು ಅವಳು. ಆ ತೊಂಬತ್ತೆಂಟು ಪಾಲನ್ನ ಬಿಟ್ಟು ಎರಡು ಪಾಲಿಗೆ ಹಲಗೆ ಮಾಡ್ಸಕ್ಕೆ ಹೊರಟ್ರಲ್ಲ! ಅವಳು ಕೊನೇಲಿ ಮಡಿಲಲ್ಲಿ ಇಟ್ಕೊಂಡಿದ್ದ ಬಾಟ್ಲಿ ಏನಾಯ್ತು? ಗೊತ್ತಾ ಯಾರಿಗಾದ್ರೂ?"

ಸಾಹೇಬರು ಆಚೀಚೆ ನೋಡಿದರು. ಅವರಿಗೆ ಗೊತ್ತಿರಲಿಲ್ಲ.

"ನಾನು ಪರೀಕ್ಷೆ ಮಾಡ್ದೆ," ಎಂದಳು ಕಿರಿಯ ಪರೀಕ್ಷಕಿ. "ಅವತ್ತು ಸಾಯಂಕಾಲಾನೇ. ಹೊತ್ತು ಮೀರಿದ್ರೆ ಮಾದರಿ ಕೆಡತ್ತೆ ಅಂತ ಅಕ್ಕಾನೇ ಹೇಳ್ಕೊಟ್ಟಿದ್ರು. ನೀರು ಚೆನ್ನಾಗಿತ್ತು. ಕುಡಿಯೋಕೆ ಯೋಗ್ಯ ಅಂತ ಬರೆದೆ. ಮಾದರಿ ತಂದವರು ಅನ್ನೋ ಕಡೆ ಅಕ್ಕನ ಹೆಸರು ಹಾಕ್ದೆ."

ದರ್ಜಿಯಣ್ಣನಿಗೆ ಹೇಳಬೇಕೆಂದಿದ್ದದ್ದು ಇನ್ನೂ ಬೇಕಾದಷ್ಟಿತ್ತು. ಮೂರು ದಿನ ಮೆಟ್ಟಿಲು ಹತ್ತುತ್ತ ಇಳಿಯುತ್ತ ಜೋಡಿಸಿಕೊಂಡ ಬೈಗಳ ಸಾಲೇ ಇತ್ತು. ಬಾಯಿ ತೆರೆದರು. ಆದರೆ ಕಣ್ಣು ಮೇಜಿನ ಮೇಲಿನ ಪಟಕ್ಕೆ ಬಿತ್ತು. ಪಟದಲ್ಲಿ ಅವಳು ಎಂದಿನಂತೆ, ಸುಮ್ನಿರಣ್ಣಾ, ಅನ್ನುವ ಮುಖದಲ್ಲಿದ್ದಳು. ಸಿಟ್ಟು ಆಗ ತಿರುಗಿ ನಿಂತು ತನ್ನ ಯಜಮಾನನನ್ನೇ ನೋಡಿತು.

"ನಿಮ್ಮನ್ನ ಅಂದು ಏನು ಪ್ರಯೋಜನ," ಎಂದರು ತಗ್ಗಿದ ದನಿಯಲ್ಲಿ. "ನಾನು ಜೀವಮಾನವೆಲ್ಲ ಟೇಪು ಹಿಡಿದೋನು. ಅರ್ಧ ಇಂಚು ತಪ್ಪಿದ್ರೆ ಅಂಗಿ ಕೆಡತ್ತೆ ಅಂತ ಗೊತ್ತಿದ್ದೋನು. ಅಂಥ ನಾನೇ ಅವಳು ಅರ್ಧ ಗ್ರಾಂ ತೂಗೋದನ್ನ ನೋಡಿ ನಗ್ತಿದ್ದೆ. ಕೈಗುಣ ಅಂತ ಮನೆಗೆ ಬಂದೋರಿಗೆ ನಾನೇ ಮೊದಲು ಹೇಳಿದ್ದು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಹದಿನೇಳು ವರ್ಷ ಪಕ್ಕದಲ್ಲಿ ನಿಂತಿದ್ದು, ಅವಳು ಎಣಿಸ್ತಾ ಇರೋದು ಏನು ಅಂತ ಒಂದು ಸಲ ಸರಿಯಾಗಿ ಕೇಳ್ಲಿಲ್ಲ."

ಕುರ್ಚಿ ಸಿಕ್ಕಿತು, ಕೂತರು.

ಸಾಹೇಬರು ಆ ಹಾಳೆಯನ್ನು ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಪೆನ್ನು ಹಿಡಿದರು. "ಏನು ಬರೀಲಿ ಹೇಳಿ ಅಣ್ಣಾವ್ರೇ."

"ಈ ಊರಿನ ನೀರನ್ನು ಮೂವತ್ತೊಂದು ವರ್ಷ ಪರೀಕ್ಷಿಸಿದವರು. ಅಷ್ಟು ಸಾಕು. ಹಲಗೆ ಪ್ರಯೋಗಶಾಲೆ ಬಾಗಿಲಿಗೆ ಹಾಕಿ."

"ಬಾಗಿಲಿಗೆ..." ಸಾಹೇಬರು ತಡವರಿಸಿದರು. "ಬಾಗಿಲ ಮೇಲೆ ಮುಖ್ಯಸ್ಥರ ಹೆಸರು ಮಾತ್ರ ಹಾಕ್ಬೇಕು ಅಂತ ನಿಯಮ ಇದೆ. ಮೇಲಿನೋರನ್ನ ಕೇಳ್ಬೇಕಾಗತ್ತೆ."

ದರ್ಜಿಯಣ್ಣನ ಹುಬ್ಬು ಮತ್ತೆ ಗಂಟಿಕ್ಕಿತು. ನಿಯಮವಂತೆ! ಎದ್ದೇಬಿಡುತ್ತಿದ್ದರು, ಅಷ್ಟರಲ್ಲಿ ಕಿರಿಯ ಪರೀಕ್ಷಕಿ, "ಅಕ್ಕ ಕೂರ್ತಿದ್ದ ಮೇಜಿಗೆ ಹಾಕೋಣ ಅಣ್ಣಾ. ಈಗ ಅಲ್ಲಿ ನಾನು ಕೂರ್ತೀನಿ. ದಿನಾ ಕಣ್ಣಿಗೆ ಬೀಳ್ಲಿ," ಎಂದಳು.

ದರ್ಜಿಯಣ್ಣ ಅವಳನ್ನು ನೋಡಿದರು. ಆಮೇಲೆ ತಲೆಯಾಡಿಸಿದರು. ನಿಯಮದ ಮೇಲಿನ ಸಿಟ್ಟು ಮಾತ್ರ ಹಾಗೇ ಉಳಿಯಿತು. ಅದನ್ನು ಅವರು ಮನೆಗೆ ಹೊತ್ತುಕೊಂಡೇ ಬಂದರು.

"ಮತ್ತೆ ಕಾಫಿ ಮಾತು ತೆಗೆದು ಹಾಕ್ಲಾ?" ಎಂದು ಅವರು ಹೊರಡುವಾಗ ಸಾಹೇಬರು ಕೇಳಿದ್ದರು.

"ಕಾಫಿಯೂ ಇರ್ಲಿ," ಎಂದಿದ್ದರು ದರ್ಜಿಯಣ್ಣ. "ಅದೂ ಅವಳ ಪರೀಕ್ಷೇನೇ. ಕೈಗುಣ ಮಾತ್ರ ಹೊಡೆದುಹಾಕಿ."

ಭಾನುವಾರ ಬೆಳಗ್ಗೆ ದರ್ಜಿಯಣ್ಣ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೈತಪ್ಪಿ ಒಂದು ಹನಿ ಹೊರಗೆ ಬಿತ್ತು. ಚೆಲ್ಲಿ, ಮೊದಲಿನಿಂದ ಎಣಿಸಿದರು. ಹನ್ನೆರಡಕ್ಕೇ ನೀಲಿಯಾಯಿತು. ಅವಳು ಹೋದ ಮೇಲೆ ಊರಿನ ನೀರು ಬದಲಾಗಿತ್ತು. ಒಂದು ಪಾಲಿಗೆ ಎರಡು ಪಾಲು ಎಂದು ಬೆರಳು ಮಡಿಚಿ ಲೆಕ್ಕ ಹಾಕಿ ಬೆರೆಸಿದರು. ಬೀರುವಿನ ಬಾಗಿಲಲ್ಲಿ ಅವಳ ಕೊನೆಯ ಸಾಲಿನ ಕೆಳಗೆ ತಾರೀಖು ಹಾಕಿ 'ಹನ್ನೆರಡು' ಎಂದು ಬರೆದರು. ಇಪ್ಪತ್ತು ಗ್ರಾಂ ತೂಗಿದರು. ಅಭ್ಯಾಸಬಲದಿಂದ ಎರಡು ಬಟ್ಟಲು ತೆಗೆದಿಟ್ಟರು. ಇಟ್ಟದ್ದನ್ನು ಒಳಗಿಡಲು ಮನಸ್ಸು ಬರಲಿಲ್ಲ.

ಮೊದಲ ನೀರು ಹುಯ್ದರು. ಪುಡಿ ಉಬ್ಬಿ ಉಸಿರು ಬಿಡತೊಡಗಿತು. ಅಂದು ಪ್ರಾರ್ಥನೆಯನ್ನು ಅವರು ಆ ಮುಕ್ಕಾಲು ನಿಮಿಷಕ್ಕೆಂದು ಉಳಿಸಿಕೊಂಡಿದ್ದರು. ಒಲೆಯ ಮುಂದೆಯೇ ಕೈಮುಗಿದು ಕಣ್ಣು ಮುಚ್ಚಿದರು.

ದೇವರೇ, ಅಳತೆ ತಪ್ಪದೆ ಬದುಕಿದ ಜೀವ ನಿನ್ನ ಬಳಿಗೆ ಬಂದಿದೆ. ಅವಳನ್ನು ತೂಗಿ ನೋಡಬೇಡ, ಅವಳೇ ತನ್ನನ್ನು ದಿನವೂ ತೂಗಿಕೊಂಡವಳು. ತೂಗುವುದಿದ್ದರೆ ನನ್ನನ್ನು ತೂಗು. ಊರಿನ ಬಾಯಾರಿಕೆಯನ್ನು ಕಾದವಳಿಗೆ ನಿನ್ನಲ್ಲಿ ಬಾಯಾರಿಕೆ ಇಲ್ಲದಿರಲಿ. ಅವಳು ಏನೋ ಎಣಿಸುತ್ತ ನಿಂತಿರುವುದು ಕಂಡರೆ, ನಾನು ಕೇಳದೆ ಬಿಟ್ಟದ್ದನ್ನು ನೀನು ಕೇಳು, ನಗದೆ ಕೇಳು. ಎಣಿಸಿ ಮುಗಿದ ಮೇಲೆ ಅವಳನ್ನು ಕೂರಿಸು. ನನ್ನ ತಂಗಿಯ ಆತ್ಮಕ್ಕೆ ಶಾಂತಿ ಕೊಡು, ತಂದೇ, ಶಾಂತಿ ಕೊಡು.